‘ಬರಲಿಲ್ಲ’ ಎಂದು ಬರೆಯುವ ಮುಂಚೆ

ಕೆಲಸ ಹುಡುಕುವವರಿಗೆ ದಾರಿ ತೋರಿಸುವುದೇ ನನ್ನ ಕೆಲಸ. ಸಂದರ್ಶನ ನಡೆದ ದಿನ ಸಂಜೆ ಕಂಪನಿಯವರಿಂದ ನನಗೊಂದು ಪಟ್ಟಿ ಬರುತ್ತದೆ. ಆಯ್ಕೆಯಾದವರು, ಆಗದವರು, ಕೊನೆಗೆ ‘ಬರಲಿಲ್ಲ’ ಎಂಬ ಗುರುತಿನವರು. ಈ ಮೂರನೇ ಗುಂಪಿನವರಿಗೆ ಕೆಲಸ ಬೇಕಾಗಿಲ್ಲ ಅಂತಲೇ ನಾನು ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಲು ಶುರು ಮಾಡಿದೆ.

‘ಹುಷಾರಿರಲಿಲ್ಲ ಮೇಡಂ’ ಎನ್ನುವುದು ಮೊದಲ ಉತ್ತರ. ಇನ್ನೂ ಸ್ವಲ್ಪ ಹೊತ್ತು ಮಾತಾಡಿದರೆ ನಿಜ ಸಂಗತಿ ಹೊರಗೆ ಬರುತ್ತದೆ. ಇದ್ದ ಒಂದೇ ಒಳ್ಳೆಯ ಶರ್ಟಿನ ಮೇಲೆ ಕಲೆ. ಹೋಗಿಬರಲು ಬಸ್ಸಿಗೆ ದುಡ್ಡಿಲ್ಲ. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಆನ್‌ಲೈನ್ ಸಂದರ್ಶನದ ಹೊತ್ತಿಗೆ ಸರಿಯಾಗಿ ಫೋನಿನಲ್ಲಿ ಡೇಟಾ ಖಾಲಿ. ಒಬ್ಬ ಹುಡುಗ ಗೇಟಿನವರೆಗೂ ಹೋಗಿದ್ದ. ಒಳಗೆ ಕಾಯುತ್ತಿದ್ದವರ ಬಟ್ಟೆ ನೋಡಿ ಹಾಗೇ ಹಿಂದಕ್ಕೆ ಬಂದುಬಿಟ್ಟ. ಆ ಕೆಲಸಕ್ಕೆ ಅವನಷ್ಟು ಚೆನ್ನಾಗಿ ಹೊಂದುವವರು ಆ ಪಟ್ಟಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅದು ನೆನಪಾದಾಗ ಈಗಲೂ ಸಂಕಟವಾಗುತ್ತದೆ.

ಇಸ್ತ್ರಿ, ಹೇರ್‌ಕಟ್, ಜೆರಾಕ್ಸ್, ಫೋಟೊ, ಓಡಾಟ. ಬಿಡಿಯಾಗಿ ನೋಡಿದರೆ ಒಂದೂ ದೊಡ್ಡ ಖರ್ಚಲ್ಲ. ಆದರೆ ಎಲ್ಲವೂ ಒಟ್ಟಿಗೆ, ಅದೂ ಕೈ ಪೂರ್ತಿ ಖಾಲಿ ಇರುವಾಗಲೇ ಬಂದು ನಿಲ್ಲುತ್ತವೆ. ಅದಕ್ಕೇ ಅಂಗಡಿಯೊಂದು ‘ಸಂದರ್ಶನಕ್ಕೆ ಹೋಗುವವರಿಗೆ ಉಚಿತ’ ಎಂದು ಬೋರ್ಡ್ ಹಾಕಿದರೆ ನಾನು ಅದನ್ನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ.

ಬ್ರಿಟನ್ನಿನ ಟಿಂಪ್ಸನ್ ಅಂಗಡಿಗಳನ್ನೇ ನೋಡಿ. ಶೂ ರಿಪೇರಿ, ಬೀಗದ ಕೀಲಿ ಮಾಡಿಕೊಡುವುದು ಅವರ ಹಳೆಯ ವ್ಯಾಪಾರ. ಕೆಲಸವಿಲ್ಲದವರು ಸಂದರ್ಶನಕ್ಕೆ ಹೋಗುವಾಗ ಹಾಕಿಕೊಳ್ಳುವ ಬಟ್ಟೆಯನ್ನು ಅವರು ದುಡ್ಡು ತೆಗೆದುಕೊಳ್ಳದೆ ಡ್ರೈಕ್ಲೀನ್ ಮಾಡಿಕೊಡುತ್ತಾರೆ. ಯಂತ್ರ ಹೇಗಿದ್ದರೂ ಓಡುತ್ತಿರುತ್ತದೆ. ಇನ್ನೊಂದು ಕೋಟು ಸೇರಿದರೆ ಅಂಗಡಿಗೆ ಆಗುವ ಖರ್ಚು ಕಡಿಮೆ, ಬಟ್ಟೆ ತಂದವರಿಗೆ ಉಳಿಯುವ ದುಡ್ಡು ಜಾಸ್ತಿ. ಆ ಕಂಪನಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಪದ್ಧತಿ. ಗ್ರಾಹಕರ ದೂರು ಬಗೆಹರಿಸಲು ಅಂಗಡಿಯ ಯಾವ ನೌಕರ ಬೇಕಾದರೂ 500 ಪೌಂಡ್‌ವರೆಗೆ ಮೇಲಿನವರನ್ನು ಕೇಳದೆ ಖರ್ಚು ಮಾಡಬಹುದು. ಕೌಂಟರಿನಲ್ಲಿ ನಿಂತವರ ಮೇಲೆ ಮಾಲೀಕರಿಗೆ ಅಷ್ಟು ನಂಬಿಕೆ.

ಉಚಿತ ಸೇವೆ ಉಪಯೋಗಕ್ಕೆ ಬರಬೇಕಾದರೆ ಈ ನಂಬಿಕೆಯೇ ಮುಖ್ಯ. ನನ್ನ ಹತ್ತಿರ ಬಂದ ಮಹಿಳೆಯೊಬ್ಬರು ಹೀಗೇ ಒಂದು ಬೋರ್ಡ್ ನೋಡಿ ಒಳಗೆ ಹೋಗಿದ್ದರು. ಅಲ್ಲಿದ್ದವರು ಸಂದರ್ಶನದ ಪತ್ರ ಕೇಳಿದರು. ಕೆಲಸ ಇಲ್ಲ ಅನ್ನುವುದಕ್ಕೆ ದಾಖಲೆ ಕೇಳಿದರು. ಮ್ಯಾನೇಜರ್ ಬರುವವರೆಗೆ ಕಾಯಿರಿ ಅಂದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಆ ಮಹಿಳೆ ಸುಮ್ನೆ ಬ್ಯಾಗ್ ಎತ್ತಿಕೊಂಡು ಹೊರಟುಬಂದರು. ಇಂಥ ಸಂದರ್ಶನಗಳಲ್ಲಿ ಎಷ್ಟೋ ಫೋನಿನಲ್ಲೇ ಗೊತ್ತಾಗುತ್ತವೆ, ಪತ್ರ ಎಲ್ಲಿಂದ ತರಬೇಕು? ಯಾರೋ ಒಬ್ಬರು ಸುಳ್ಳು ಹೇಳಿ ಮದುವೆಗೆ ಹೋಗುವ ಸೀರೆ ಕೊಟ್ಟರೂ ಅಂಗಡಿಗೆ ಆಗುವ ನಷ್ಟ ಒಂದು ಸೀರೆಯದಷ್ಟೇ. ಆದರೆ ಆ ಮಹಿಳೆಯ ಹಾಗೆ ಹಿಂದಿರುಗಿದವರು ಮತ್ತೆ ಆ ಬಾಗಿಲು ತುಳಿಯುವುದಿಲ್ಲ. ಇನ್ನೂ ಒಂದು ಮಾತು: ದಯವಿಟ್ಟು ಸಹಾಯ ಪಡೆದವರ ಫೋಟೊ ತೆಗೆದು ಎಲ್ಲರಿಗೂ ತೋರಿಸಬೇಡಿ.

ಬಟ್ಟೆಯೇ ಇಲ್ಲದಿದ್ದರೆ? ನ್ಯಾನ್ಸಿ ಲಬ್ಲಿನ್ ಎಂಬಾಕೆ ತನ್ನ ಮುತ್ತಜ್ಜನಿಂದ ಬಂದ 5,000 ಡಾಲರ್ ಹಾಕಿ ನ್ಯೂಯಾರ್ಕಿನಲ್ಲಿ ‘ಡ್ರೆಸ್ ಫಾರ್ ಸಕ್ಸೆಸ್’ ಶುರು ಮಾಡಿದ್ದು ಇದಕ್ಕೇ. ಅದು 1997ರ ಹೊತ್ತಿನ ಮಾತು. ಬ್ರಿಟನ್ನಿನ ‘ಸ್ಮಾರ್ಟ್ ವರ್ಕ್ಸ್’ ಕೂಡ ಹೆಂಗಸರಿಗೆ ಸಂದರ್ಶನದ ಬಟ್ಟೆ ಕೊಡುತ್ತದೆ. ಜೊತೆಗೆ ಅಲ್ಲೇ ಕೂರಿಸಿಕೊಂಡು ಸಂದರ್ಶನದ ಅಭ್ಯಾಸವನ್ನೂ ಮಾಡಿಸುತ್ತದೆ. ಕೆಲಸ ಸಿಕ್ಕಮೇಲೆ ಮತ್ತೆ ಕರೆದು ಇನ್ನಷ್ಟು ಬಟ್ಟೆ ಕೊಡುತ್ತದೆ. ಇದು ಅನುಭವದಿಂದ ಬಂದ ಬುದ್ಧಿ. ಒಂದೇ ಜೊತೆ ಬಟ್ಟೆಯಲ್ಲಿ ವಾರವಿಡೀ ಆಫೀಸಿಗೆ ಹೋಗಲು ಆಗುವುದಿಲ್ಲ, ಅಲ್ವಾ?

ಓಡಾಟದ್ದೂ ಇದೇ ಕಥೆ. ಅಮೆರಿಕದ ಟ್ಯಾಕ್ಸಿ ಆ್ಯಪ್ ಲಿಫ್ಟ್ 2019ರಲ್ಲಿ ಸೇವಾಸಂಸ್ಥೆಗಳ ಜೊತೆ ಸೇರಿ ಒಂದು ಯೋಜನೆ ತಂದಿತು. ಸಂದರ್ಶನಕ್ಕೆ ಹೋಗಿಬರುವುದಷ್ಟೇ ಅಲ್ಲ, ಕೆಲಸಕ್ಕೆ ಸೇರಿದ ಮೊದಲ ಮೂರು ವಾರಗಳ ಪ್ರಯಾಣವೂ ಅದರಲ್ಲಿ ಸೇರಿತ್ತು. ಕೆಲಸ ಸಿಕ್ಕಿತು ಎಂದ ಕೂಡಲೇ ಕೈಗೆ ದುಡ್ಡು ಬರುವುದಿಲ್ಲ. ಮೊದಲ ಸಂಬಳದವರೆಗಿನ ದಿನಗಳೇ ಎಲ್ಲಕ್ಕಿಂತ ಕಷ್ಟ. ಎರಡನೇ ವಾರದಲ್ಲಿ ಕೆಲಸ ಬಿಟ್ಟವರನ್ನು ನಾನು ಕಂಡಿದ್ದೇನೆ. ಕೆಲಸ ಇಷ್ಟವಿಲ್ಲದೆ ಬಿಟ್ಟವರಲ್ಲ ಅವರು.

ಇನ್ನು, ದುಡ್ಡೇ ಖರ್ಚಾಗದ ಒಂದು ಸೇವೆ ಇದೆ: ಸಂದರ್ಶನದ ಅಭ್ಯಾಸ ಮಾಡಿಸುವುದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಅದೇ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಅರ್ಥಶಾಸ್ತ್ರಜ್ಞರು ಕೆಲಸ ಹುಡುಕುತ್ತಿದ್ದ ಯುವಜನರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಬಸ್ ಖರ್ಚು ಕೊಟ್ಟರು. ಇನ್ನೊಂದು ಗುಂಪಿಗೆ ಅರ್ಜಿ ಬರೆಯುವುದು, ಸಂದರ್ಶನದಲ್ಲಿ ಮಾತಾಡುವುದು ಇವನ್ನೆಲ್ಲ ಕಲಿಸಿ, ಕೌಶಲ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಟ್ಟರು. ಬಸ್ ಖರ್ಚು ಸಿಕ್ಕವರು ಜಾಸ್ತಿ ಕೆಲಸ ಹುಡುಕಿದರು, ಆದರೆ ಆ ಲಾಭ ಹೆಚ್ಚು ಕಾಲ ನಿಲ್ಲಲಿಲ್ಲ. ಕಲಿತವರ ಸಂಪಾದನೆಯಲ್ಲಿ ನಾಲ್ಕು ವರ್ಷಗಳ ನಂತರವೂ ವ್ಯತ್ಯಾಸ ಕಾಣಿಸಿತು.

ಅದಕ್ಕೆ ಕಂಪನಿಗಳವರಿಗೆ ನಾನು ಪದೇಪದೇ ಕೇಳುವುದು ಇಷ್ಟು. ನಿಮ್ಮಲ್ಲಿ ಸಂದರ್ಶನ ಮಾಡುವವರು ಇದ್ದಾರೆ. ವಾರಕ್ಕೆ ಒಬ್ಬರನ್ನು ಕರೆದು ಅವರ ಜೊತೆ ಅರ್ಧ ಗಂಟೆ ಅಣಕು ಸಂದರ್ಶನ ಮಾಡಿ. ಎಲ್ಲಿ ತಡವರಿಸಿದರು, ಯಾವ ಉತ್ತರ ಉದ್ದವಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಕೆಲಸ ಕೊಡದಿದ್ದರೂ ಪರವಾಗಿಲ್ಲ. ಕೆಲಸ ಹೋದವರಿಗೆ ತಾವು ಎಲ್ಲಿ ಎಡವುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುವವರೇ ಇರುವುದಿಲ್ಲ.

ಕೆಲಸ ಹುಡುಕುತ್ತಿರುವವರಿಗೂ ಎರಡು ಮಾತು. ಉಚಿತ ಎಂದು ಕರೆದು ಆಮೇಲೆ ನೋಂದಣಿ ಶುಲ್ಕ, ಠೇವಣಿ, ಫೋನಿಗೆ ಬಂದ ಒಟಿಪಿ ಕೇಳಿದರೆ ಅಲ್ಲಿಂದ ಎದ್ದುಬನ್ನಿ. ನಿಜವಾದ ಸೇವೆ ಸಿಕ್ಕಾಗ ಸಂಕೋಚಪಟ್ಟು ಕೊನೆಯ ದಿನದವರೆಗೆ ಕಾಯಬೇಡಿ, ಬಟ್ಟೆ ಒಗೆದು ಒಣಗಲೂ ಸಮಯ ಬೇಕು. ನಿಮ್ಮ ಕಷ್ಟವನ್ನೆಲ್ಲ ಅಲ್ಲಿ ವಿವರಿಸುವ ಅಗತ್ಯವೂ ಇಲ್ಲ. ‘ಗುರುವಾರ ನನಗೆ ಇಂಟರ್‌ವ್ಯೂ ಇದೆ, ಬುಧವಾರ ಸಂಜೆಯೊಳಗೆ ಬೇಕು’ ಅಂದರೆ ಸಾಕು.