ಟೆನ್ ಟ್ವೆಂಟಿಟುಗೆ ಕಡಿಮೆ ಬೆಲೆಯ ರೆಡ್ ಡಾಟ್: ಯಾವುದು ಕೊಳ್ಳಲಿ?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇವೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಈಗ ಒಂದು ರೂಗರ್ 10/22 (ಟೆನ್ ಟ್ವೆಂಟಿಟು) ರೈಫಲ್ ಕೊಂಡಿದ್ದೇನೆ. ಶನಿವಾರ ನಾನೂ ಮಗಳೂ ಗುಂಡು ಹೊಡೆಯುವ ರೇಂಜಿಗೆ ಹೋಗುತ್ತೇವೆ. ಅವಳಿಗೆ ಗುರಿ ನೋಡಲು ರೈಫಲ್ ಜೊತೆ ಬಂದ ಸೈಟೇ ಸಾಕು. ನನಗೆ 46 ವರ್ಷ, ಅದರಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್, ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ನೋಡಿದರೆ 30 ಡಾಲರಿಂದ 600 ಡಾಲರ್‌ವರೆಗೂ ಇವೆ. 150ರ ಒಳಗೆ ಯಾವುದು ತೆಗೆದುಕೊಳ್ಳಲಿ? ಮಡಿಕೇರಿಯಲ್ಲಿರುವ ಮಾವನವರೂ ಬರುವಾಗ ಒಂದು ತಾ ಅನ್ನುತ್ತಿದ್ದಾರೆ.

ಉತ್ತರ: 150 ಡಾಲರ್ ಧಾರಾಳವಾಗಿ ಸಾಕು. ಇದು ರಿಮ್‌ಫೈರ್, ಅಂದರೆ ಚಿಕ್ಕ ತೋಟಾದ ರೈಫಲ್ ಆಗಿರುವುದೇ ಅದಕ್ಕೆ ಕಾರಣ.

ದುಬಾರಿ ರೆಡ್ ಡಾಟ್‌ಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ಗಟ್ಟಿತನಕ್ಕೆ ಹೋಗುತ್ತದೆ. ದೊಡ್ಡ ರೈಫಲ್ಲೋ 12 ಬೋರ್ ಬಂದೂಕೋ ಪ್ರತಿ ಸಲ ಭುಜಕ್ಕೆ ಒದೆಯುವಾಗ ಸೈಟಿನ ಒಳಗಿರುವುದೂ ಅಲುಗುತ್ತದೆ. ಅದನ್ನು ಸಾವಿರಾರು ಸಲ ತಡೆದುಕೊಳ್ಳಬೇಕು. ನಿಮ್ಮ 10/22ರ ಪಾಯಿಂಟ್ ಟೂ ಟೂ (.22) ತೋಟಾ ಹಾಗಲ್ಲ. 40 ಗ್ರೇನ್, ಅಂದರೆ ಎರಡೂವರೆ ಗ್ರಾಂ ತೂಕದ ಗುಂಡು. ಒದೆತ ಇದೆ ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ? ಹಾಗಾಗಿ 500 ಡಾಲರ್ ಸೈಟ್ ಹಾಕಿದರೆ ಆ ಗಟ್ಟಿತನ ಸುಮ್ನೆ ಕೂತಿರುತ್ತದೆ. ಉಳಿದ ದುಡ್ಡಿಗೆ ತೋಟಾ ತೆಗೆದುಕೊಳ್ಳಿ.

ಆದರೆ ಯಾವ ಕಂಪನಿಯದು ಅಂತ ನೋಡುವ ಮುಂಚೆ ನಿಮ್ಮ ಕಣ್ಣು ಪರೀಕ್ಷೆಯಾಗಲಿ.

46ಕ್ಕೆ ಹಳೇ ಸೈಟ್ ಕಾಣದಿರುವುದು ಸಹಜ. ಹಿಂದಿನ ಕಿಂಡಿ, ಮುಂದಿನ ಮಣಿ, ದೂರದ ಗುರಿ, ಮೂರೂ ಬೇರೆ ಬೇರೆ ದೂರದಲ್ಲಿವೆ. ನಲವತ್ತು ದಾಟಿದ ಕಣ್ಣಿಗೆ ಅಷ್ಟು ಬೇಗ ಹಿಂದೆ ಮುಂದೆ ಓಡಲು ಆಗುವುದಿಲ್ಲ. ರೆಡ್ ಡಾಟ್‌ನಲ್ಲಿ ಪುಟ್ಟ ಎಲ್‌ಇಡಿಯ ಬೆಳಕು ಬಾಗಿದ ಗಾಜಿನ ಮೇಲೆ ಬಿದ್ದು ಕಣ್ಣಿಗೆ ವಾಪಸ್ ಬರುತ್ತದೆ. ಆ ಚುಕ್ಕೆ ಗಾಜಿನ ಮೇಲಲ್ಲ, ದೂರದಲ್ಲೇ ಇರುವ ಹಾಗೆ ಕಾಣುತ್ತದೆ. ನೀವು ಗುರಿಯನ್ನಷ್ಟೇ ನೋಡಿದರೆ ಸಾಕು. ಎರಡೂ ಕಣ್ಣು ತೆರೆದಿಡಬಹುದು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಇಂಥದ್ದನ್ನು ಮಾರುಕಟ್ಟೆಗೆ ತಂದಾಗಿನಿಂದ ಉಪಾಯ ಇದೇ.

ಇದರಲ್ಲಿ ಒಂದು ತೊಡಕಿದೆ. ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಥರ ಇಲ್ಲದಿರುವುದು) ಇದ್ದರೆ ಚುಕ್ಕೆ ಗುಂಡಗೆ ಕಾಣುವುದಿಲ್ಲ. ನನ್ನ ಬಲಗಣ್ಣಿಗೆ ಅದು ಬೆವರಿಗೆ ಹರಡಿದ ಕುಂಕುಮದ ಹಾಗೆ ಕಾಣುತ್ತದೆ, ಒಂದು ಬದಿಗೆ ಬಾಲ ಎಳೆದುಕೊಂಡು. ಮೊದಲ ಸಲ ನೋಡಿದಾಗ ಸೈಟೇ ಕೆಟ್ಟಿದೆ ಅಂದುಕೊಂಡು ವಾಪಸ್ ಮಾಡಿದೆ. ಬದಲಿಗೆ ಬಂದದ್ದೂ ಹಾಗೇ ಕಂಡಿತು! ಆಮೇಲೆ ರೇಂಜಿನಲ್ಲಿ ಒಬ್ಬ ಹಿರಿಯರು ಹೇಳಿಕೊಟ್ಟರು: ಫೋನ್ ಕ್ಯಾಮೆರಾವನ್ನು ಸೈಟಿನ ಹಿಂದೆ ಹಿಡಿದು ನೋಡು. ಪರದೆಯಲ್ಲಿ ಚುಕ್ಕೆ ಅಚ್ಚುಕಟ್ಟಾಗಿ ಗುಂಡಗಿತ್ತು. ತಪ್ಪು ನನ್ನ ಕಣ್ಣಿನದು.

ಅದಕ್ಕೇ ಅಂಗಡಿಗೆ ಹೋಗಿ ನೋಡಿ, ಕನ್ನಡಕ ಹಾಕಿಕೊಂಡೇ ನೋಡಿ. ಸ್ವಲ್ಪ ಹರಡಿದರೆ ಬೆಳಕು ತಗ್ಗಿಸಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ಕೆಲವರಿಗೆ ಹಸಿರು ಚುಕ್ಕೆ ಚೆನ್ನಾಗಿ ಕಾಣುತ್ತದೆ. ಏನು ಮಾಡಿದರೂ ದ್ರಾಕ್ಷಿ ಗೊಂಚಲಿನ ಹಾಗೆ ಕಂಡರೆ ರೆಡ್ ಡಾಟ್ ಬಿಡಿ. ಗಾಜಿನಲ್ಲೇ ಗುರುತು ಕೆತ್ತಿರುವ ಪ್ರಿಸಂ ಸೈಟ್ ಅಥವಾ ಸಾದಾ ಸ್ಕೋಪ್ (ದುರ್ಬೀನಿನ ಹಾಗೆ ದೊಡ್ಡದು ಮಾಡಿ ತೋರಿಸುವ ಸೈಟ್) ನೋಡಿ.

ಕಣ್ಣು ಒಪ್ಪಿತು ಅನ್ನೋಣ. ಮುಂದಿನದು ಚುಕ್ಕೆಯ ಗಾತ್ರ. ಡಬ್ಬಿಯ ಮೇಲೆ 2 ಎಂಒಎ, 3 ಎಂಒಎ, 6 ಎಂಒಎ ಅಂತ ಬರೆದಿರುತ್ತದೆ. ಅದು ಕೋನದ ಅಳತೆ, ಲೆಕ್ಕ ಸುಲಭ. 100 ಗಜ ದೂರದಲ್ಲಿ 1 ಎಂಒಎ ಅಂದರೆ ಹೆಚ್ಚುಕಡಿಮೆ 1 ಇಂಚು. 50 ಗಜದಲ್ಲಿ ಅರ್ಧ, 25ರಲ್ಲಿ ಕಾಲು. ಅಂದರೆ 6 ಎಂಒಎ ಚುಕ್ಕೆ 25 ಗಜದಲ್ಲಿ ಒಂದೂವರೆ ಇಂಚು ಜಾಗವನ್ನು ಮುಚ್ಚಿಬಿಡುತ್ತದೆ. 2 ಎಂಒಎ ಮುಚ್ಚುವುದು ಅರ್ಧ ಇಂಚು.

ಯಾವುದು ಬೇಕು ಅನ್ನುವುದು ನೀವು ಏನು ಹೊಡೆಯುತ್ತೀರಿ ಅನ್ನುವುದರ ಮೇಲಿದೆ. ಮಗಳ ಜೊತೆ ಮುಂದೆ ಸ್ಟೀಲ್ ಚಾಲೆಂಜ್ ಸ್ಪರ್ಧೆಗೆ ಹೋಗುವ ಆಸೆ ಇದ್ದರೆ (ಹೋಗಿ, ರಿಮ್‌ಫೈರ್ ರೈಫಲ್‌ಗೇ ಬೇರೆ ವಿಭಾಗ ಇದೆ) ಅಲ್ಲಿ ಉಕ್ಕಿನ ತಟ್ಟೆಗಳು ದೊಡ್ಡವು. ಚಿಕ್ಕದೇ 10 ಇಂಚು. ದೂರ 7ರಿಂದ 35 ಗಜ. ಅಲ್ಲಿ ಬೇಕಾದದ್ದು ವೇಗ, ದೊಡ್ಡ ಚುಕ್ಕೆ ಕಣ್ಣಿಗೆ ಬೇಗ ಸಿಗುತ್ತದೆ. ಅದೇ ಪ್ರಾಜೆಕ್ಟ್ ಆ್ಯಪಲ್‌ಸೀಡ್ ಶಿಬಿರಕ್ಕೆ ಹೋದರೆ ಕಥೆ ಬೇರೆ. ಅಲ್ಲಿ 25 ಮೀಟರ್‌ನಲ್ಲಿ ಪುಟ್ಟ ಪುಟ್ಟ ಗುರಿಗಳು, 4 ಎಂಒಎ ಒಳಗೆ ಗುಂಡು ಕೂರಿಸುವುದನ್ನು ಕಲಿಸುತ್ತಾರೆ. ಆ ಗುರಿಯನ್ನು 6 ಎಂಒಎ ಚುಕ್ಕೆ ಪೂರ್ತಿ ನುಂಗಿಬಿಡುತ್ತದೆ. ಎರಡಕ್ಕೂ ಒಂದೇ ಸೈಟ್ ಅಂದರೆ 2 ಅಥವಾ 3 ಎಂಒಎ ತೆಗೆದುಕೊಳ್ಳಿ. ಚಿಕ್ಕ ಚುಕ್ಕೆಯನ್ನು ಬೆಳಕು ಜಾಸ್ತಿ ಮಾಡಿ ದೊಡ್ಡದಾಗಿ ಕಾಣಿಸಬಹುದು. ದೊಡ್ಡದನ್ನು ಚಿಕ್ಕದು ಮಾಡಲು ಆಗುವುದಿಲ್ಲ.

ರೆಡ್ ಡಾಟ್ ಏನನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ. 50 ಗಜದಲ್ಲಿ ಕಾಗದದ ಮೇಲೆ ಐದು ಗುಂಡನ್ನು ಒಂದೇ ತೂತಿಗೆ ಹಾಕಬೇಕು ಅನ್ನುವುದೇ ನಿಮ್ಮ ಖುಷಿಯಾದರೆ, ಇದೇ ದುಡ್ಡಿಗೆ ಬರುವ ಸಾದಾ ಸ್ಕೋಪ್ ಹೆಚ್ಚು ಉಪಯೋಗ.

ಹೆಸರು ಹೇಳಿ ಅನ್ನುತ್ತೀರಿ. ಬುಶ್ನೆಲ್ ಟಿಆರ್‌ಎಸ್-25 ಬಹಳ ವರ್ಷದಿಂದ ಇರುವ ಮಾದರಿ. 3 ಎಂಒಎ, ಕುಳ್ಳಗಿದೆ, ಸಾಮಾನ್ಯವಾಗಿ 100 ಡಾಲರ್ ಒಳಗೇ ಸಿಗುತ್ತದೆ. ಅದರ ಕೊರತೆ ಒಂದೇ, ಆಫ್ ಮಾಡುವುದು ಮರೆತರೆ ಬ್ಯಾಟರಿ ಸತ್ತಿರುತ್ತದೆ. ಸಿಗ್ ರೋಮಿಯೋ5 ಅದಕ್ಕಿಂತ ಸ್ವಲ್ಪ ಜಾಸ್ತಿ. 2 ಎಂಒಎ, ಸುಮ್ಮನೆ ಇಟ್ಟರೆ ತಾನೇ ಆರುತ್ತದೆ, ರೈಫಲ್ ಎತ್ತಿದರೆ ತಾನೇ ಹೊತ್ತಿಕೊಳ್ಳುತ್ತದೆ. ಮರೆಗುಳಿಗಳಿಗೆ ಇದೇ ಸರಿ. ವೋರ್ಟೆಕ್ಸ್ ಕ್ರಾಸ್‌ಫೈರ್ ಕೂಡ 2 ಎಂಒಎ, ಕೆಟ್ಟರೆ ರಸೀದಿ ಕೇಳದೆ ಸರಿ ಮಾಡಿಕೊಡುವ ಕಂಪನಿ. ಸೇಲ್ ಇದ್ದಾಗ ನೋಡಿದರೆ ಮೂರೂ ನಿಮ್ಮ ಬಜೆಟ್ಟಿಗೆ ಬರುತ್ತವೆ. ಮೂರಕ್ಕೂ ಸಿಆರ್2032 ಬ್ಯಾಟರಿ, ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ನನ್ನನ್ನು ಕೇಳಿದರೆ ರೋಮಿಯೋ5. 30 ಡಾಲರಿನವನ್ನು ಅಂಗಡಿಯೊಳಗೆ ನೋಡಿದರೆ ಚೆನ್ನಾಗೇ ಕಾಣುತ್ತವೆ. ಟೆಕ್ಸಸ್ಸಿನ ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಕಾಗದದ ಕಡೆ ಹಿಡಿದಾಗ ಚುಕ್ಕೆ ಮಾಯ.

ಇನ್ನು ಕೂರಿಸುವುದು. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ.

10/22ರ ಮೇಲ್ಭಾಗದಲ್ಲಿ ಸ್ಕ್ರೂಗೆ ತೂತುಗಳು ಮೊದಲೇ ಇವೆ. ಹೆಚ್ಚಿನ ಮಾದರಿಗಳ ಡಬ್ಬಿಯಲ್ಲೇ ಸೈಟ್ ಕೂರಿಸಲು ಒಂದು ಅಲ್ಯುಮಿನಿಯಂ ಪಟ್ಟಿಯೂ ಇರುತ್ತದೆ, ಹುಡುಕಿ ನೋಡಿ. (ನಿಮ್ಮದು ಮಾರ್ಲಿನ್ 60 ಅಥವಾ ಸಿಜೆಡ್ 457 ಆಗಿದ್ದರೆ ಅದರ ಮೇಲಿರುವುದು ಕಿರಿದಾದ ತೋಡು. ಸಾಮಾನ್ಯ ರೆಡ್ ಡಾಟ್‌ನ ಹಿಡಿಕೆ ಅದಕ್ಕೆ ಕೂರುವುದಿಲ್ಲ, ಅಡಾಪ್ಟರ್ ಬೇಕು.) ನಾನು ದುಡ್ಡು ಉಳಿಸಲು ಎಲ್ಲೋ ಸಿಕ್ಕ ಅಗ್ಗದ ಪಟ್ಟಿ ಹಾಕಿದೆ. ಒಂದು ಇಡೀ ಶನಿವಾರ ಗುಂಡು ಎಡಕ್ಕೆ ಹೋಯಿತು ಅಂತ ಬಲಕ್ಕೆ ತಿರುಗಿಸಿದೆ, ಬಲಕ್ಕೆ ಹೋಯಿತು ಅಂತ ಎಡಕ್ಕೆ. ಮುನ್ನೂರು ತೋಟಾ ಖಾಲಿ. ಸೈಟಿಗೆ ಬಾಯಿಗೆ ಬಂದ ಹಾಗೆ ಬೈದೆ. ಕೊನೆಗೆ ರೈಫಲ್ ಖಾಲಿ ಮಾಡಿ, ಸೈಟನ್ನು ಹೆಬ್ಬೆರಳಿನಿಂದ ಒತ್ತಿದರೆ ಕಟಕ್ ಅಂತ ಅಲುಗಿತು. ಪಟ್ಟಿಯ ಹಿಂದಿನ ಎರಡು ಸ್ಕ್ರೂ ಬೆರಳಿನಲ್ಲೇ ತಿರುಗುತ್ತಿದ್ದವು.

ಈಗ ಹೀಗೆ ಮಾಡುತ್ತೇನೆ. ಸ್ಕ್ರೂ ಮತ್ತು ತೂತಿನ ಎಣ್ಣೆಯನ್ನು ಸ್ಪಿರಿಟ್ ಹಾಕಿ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಒಂದೇ ಹನಿ ಹಾಕಿ, ಹದವಾಗಿ ಬಿಗಿ ಮಾಡುತ್ತೇನೆ. ಜೋರಾಗಿ ಅಲ್ಲ, 10/22ರ ಮೈ ಅಲ್ಯುಮಿನಿಯಂ, ತೂತಿನೊಳಗಿನ ತಿರುಪು ಸವೆದರೆ ಕೆಲಸ ಕೆಟ್ಟಿತು. ಆಮೇಲೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಸ್ಕ್ರೂ ತಲೆಗೂ ಪಟ್ಟಿಗೂ ಸೇರಿಸಿ ಒಂದು ಗೆರೆ. ಸ್ಕ್ರೂ ತಿರುಗಿದರೆ ಗೆರೆ ಮುರಿದಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಸೈಟ್ ಎತ್ತರವಾಗಿ ಕೂರಬಾರದು. ರೋಮಿಯೋ5ರಂಥವುಗಳ ಜೊತೆ ಎತ್ತರದ ಮೌಂಟ್ (ಸೈಟ್ ಕೂರಿಸುವ ಹಿಡಿಕೆ) ಒಂದು ಬರುತ್ತದೆ, ಅದು ಎಆರ್-15 ಅನ್ನುವ ಬೇರೆ ಥರದ ರೈಫಲ್‌ಗೆ. 10/22ರ ಕಟ್ಟಿಗೆ, ಅಂದರೆ ಭುಜಕ್ಕೆ ಊರುವ ಹಿಂಭಾಗ, ತಗ್ಗು. ಅದರ ಮೇಲೆ ಎತ್ತರದ ಮೌಂಟ್ ಹಾಕಿದರೆ ಕೆನ್ನೆ ಕಟ್ಟಿಗೆಗೆ ತಾಗುವುದಿಲ್ಲ, ಗದ್ದ ಊರಿಕೊಂಡು ಚುಕ್ಕೆ ಹುಡುಕುತ್ತಾ ಕೂರಬೇಕು. ಡಬ್ಬಿಯಲ್ಲಿರುವ ತಗ್ಗಿನದನ್ನೇ ಹಾಕಿ.

ಗುರಿ ಹೊಂದಿಸುವುದನ್ನು 25 ಗಜದಲ್ಲಿ ಮಾಡಿ. ಒಂದು ಕ್ಲಿಕ್ ಎಷ್ಟು ಅಂತ ಸೈಟಿನ ಕೈಪಿಡಿಯಲ್ಲಿ ನೋಡಿ, ಎಲ್ಲದರಲ್ಲೂ ಒಂದೇ ಅಲ್ಲ. 1 ಎಂಒಎ ಆದರೆ 25 ಗಜದಲ್ಲಿ ಕಾಲು ಇಂಚು. ಆಗ ಗುಂಡು 2 ಇಂಚು ಕೆಳಗೆ ಬಿದ್ದರೆ 8 ಕ್ಲಿಕ್ ಮೇಲಕ್ಕೆ, ಅರ್ಧ ಎಂಒಎ ಕ್ಲಿಕ್ ಆದರೆ 16. ಒಂದೊಂದೇ ಗುಂಡು ಹೊಡೆದು ತಿರುಗಿಸಬೇಡಿ, ಐದು ಹೊಡೆದು ಅವುಗಳ ನಡುವನ್ನು ನೋಡಿ. ಸೈಟ್ ನಳಿಗೆಯಿಂದ ಒಂದೂವರೆ ಇಂಚು ಮೇಲಿದ್ದರೆ, 25ಕ್ಕೆ ಹೊಂದಿಸಿದ್ದು 50ಕ್ಕೂ ಬಹುತೇಕ ಸರಿಹೋಗುತ್ತದೆ. 100 ಗಜದಲ್ಲಿ ಮಾತ್ರ ಗುಂಡು ಆರೇಳು ಇಂಚು ಕೆಳಗೆ ಬೀಳುತ್ತದೆ. ಹಾಗಂತ ಅಲ್ಲಿಗೇ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಒಂದೂವರೆ ಮೈಲಿ ಹೋಗಬಹುದು ಅಂತ ತೋಟಾ ಡಬ್ಬಿಯ ಮೇಲೇ ಎಚ್ಚರಿಕೆ ಇರುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು.

ಗ್ರೀನ್ ಕಾರ್ಡ್ ವಿಷಯ ನೀವೇ ಹೇಳಿದ್ದು ಒಳ್ಳೆಯದಾಯಿತು. ನಮ್ಮವರು ತುಂಬಾ ಜನ ಎಚ್-1ಬಿಯಲ್ಲಿ ಇರುತ್ತಾರೆ. ಅಂಥ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಉಂಟು, ಇನ್ನೂ ಕೆಲವು ಇವೆ. ಆಫೀಸಿನ ಗೆಳೆಯರನ್ನು ರೇಂಜಿಗೆ ಕರೆದುಕೊಂಡು ಹೋಗಿ ಕೈಗೆ ರೈಫಲ್ ಕೊಡುವ ಮುಂಚೆ ಇದನ್ನು ಕೇಳಿಕೊಳ್ಳಿ.

ಕೊನೆಗೆ ಮಾವನವರ ವಿಷಯ. ಕೈಲ್‌ಪೊದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಊರಿನವರು, ಆಸೆ ಇರುವುದು ಸಹಜ. ಆದರೆ ಸೂಟ್‌ಕೇಸಿನಲ್ಲಿ ಹಾಕಬೇಡಿ. ಬಂದೂಕಿನ ಸೈಟ್‌ಗಳನ್ನು ಅಮೆರಿಕದಿಂದ ಹೊರಗೆ ಒಯ್ಯಲು ರಫ್ತು ನಿಯಮಗಳಿವೆ, ಉಡುಗೊರೆ ಅಂದರೂ ಬಿಡುವುದಿಲ್ಲ. ಅವರಿಗೆ ಒಳ್ಳೆಯ ಇಯರ್ ಮಫ್ ಒಂದು ಜೊತೆ ತೆಗೆದುಕೊಂಡು ಹೋಗಿ. ಅಷ್ಟು ವರ್ಷ 12 ಬೋರ್ ಪಕ್ಕ ನಿಂತ ಕಿವಿಗೆ ಅದೇ ಹೆಚ್ಚು ಬೇಕಾಗಿರುವುದು.