ಪುಟ್ಟ ಹಳಿಯ ರೈಲಿಗೆ ಪಕ್ಕದ ಮನೆಯ ಕೊಂಡಿ

ಮಾಡೆಲ್ ರೈಲು ತಯಾರಿಸುವ ಬ್ಯಾಕ್‌ಮನ್ ಕಂಪನಿಯ ಓಎನ್30 ಅನ್ನುವ ಬಗೆಯ ವ್ಯಾಗನ್ ಒಂದನ್ನು ಕೈಗೆತ್ತಿಕೊಂಡು ಅದರ ತುದಿ ನೋಡಿ. ವ್ಯಾಗನ್ನು ನಿಜವಾದದ್ದರ 48ನೇ ಒಂದು ಪಾಲು. ಅದರ ಕೊಂಡಿ, ಅಂದರೆ ಕಪ್ಲರ್, 87ನೇ ಒಂದು ಪಾಲಿನ ಎಚ್‌ಓ ರೈಲಿನದು. ಎರಡು ಹಳಿಗಳ ನಡುವಿನ ಅಗಲವೇ ಗೇಜ್; ಮಾಮೂಲಿಗಿಂತ ಕಿರಿದಾದರೆ ನ್ಯಾರೋ ಗೇಜ್. ನ್ಯಾರೋ ಗೇಜ್ ಮಾಡೆಲ್ ಕಟ್ಟುವವರಲ್ಲಿ ಈ ಕೊಂಡಿಯ ಗಾತ್ರದ ಬಗ್ಗೆ ವಾದ ಮುಗಿಯುವುದೇ ಇಲ್ಲ. ನನ್ನ ಪ್ರಕಾರ ಗಾತ್ರಕ್ಕಿಂತ ಎತ್ತರದ್ದೇ ಜಾಸ್ತಿ ತೊಂದರೆ. ಅದರ ಬೇರು ಇರುವುದು ನಿಜವಾದ ರೈಲಿನಲ್ಲೇ.

ಅಮೆರಿಕದಲ್ಲಿ ಮೊದಲು ಬೋಗಿಗಳನ್ನು ಕಬ್ಬಿಣದ ಬಳೆ ಮತ್ತು ಪಿನ್ ಹಾಕಿ ಸೇರಿಸುತ್ತಿದ್ದರು. ಬ್ರೇಕ್‌ಮನ್ ಅನ್ನುವ ರೈಲು ಕೆಲಸಗಾರ ಎರಡು ವ್ಯಾಗನ್‌ಗಳ ನಡುವೆ ನಿಂತು, ಅವು ಹತ್ತಿರ ಬರುತ್ತಿದ್ದಂತೆ ಕೈ ಹಾಕಿ ಪಿನ್ ಇಳಿಸಬೇಕಿತ್ತು. ಎಷ್ಟೋ ಜನ ಬೆರಳು ಕಳೆದುಕೊಂಡರು, ಕೈ ಕಳೆದುಕೊಂಡರು, ಜೀವವನ್ನೂ ಕಳೆದುಕೊಂಡರು. ವರ್ಜೀನಿಯಾದ ಎಲೈ ಜ್ಯಾನಿ 1873ರಲ್ಲಿ ಬೇರೆ ಥರದ ಕೊಂಡಿಗೆ ಪೇಟೆಂಟ್ ಪಡೆದ. ಎರಡು ಕೈಗಳು ಬೆರಳು ಮಡಚಿ ಒಂದನ್ನೊಂದು ಹಿಡಿದ ಹಾಗೆ ಅದು ತಾನೇ ಕಚ್ಚಿಕೊಳ್ಳುತ್ತದೆ. ನಡುವೆ ಯಾರೂ ನಿಲ್ಲಬೇಕಿಲ್ಲ. ಆದರೂ ಕಂಪನಿಗಳು ಖರ್ಚಿಗೆ ಹಿಂಜರಿದವು. ಕೊನೆಗೆ 1893ರ ಸುರಕ್ಷತಾ ಕಾನೂನು ಬಂದು, ತಾನೇ ಸೇರಿಕೊಳ್ಳುವ ಕೊಂಡಿ ಕಡ್ಡಾಯವಾಯಿತು.

ಅದೇ ಕಾನೂನಿನಲ್ಲಿ ಇನ್ನೊಂದು ಮಾತಿತ್ತು. ಹಳಿಯ ಮೇಲೆ ಕೊಂಡಿ ಎಷ್ಟು ಎತ್ತರದಲ್ಲಿರಬೇಕು ಅನ್ನುವುದನ್ನು ಒಂದೊಂದು ಗೇಜಿಗೂ ಬೇರೆ ಬೇರೆಯಾಗಿ ಗೊತ್ತುಮಾಡಬೇಕು ಅಂತ. ಹಾಗೆ ಸ್ಟ್ಯಾಂಡರ್ಡ್ ಗೇಜಿಗೆ, ಅಂದರೆ ಮಾಮೂಲಿ ಅಗಲದ ಹಳಿಗೆ, ಹೆಚ್ಚೆಂದರೆ 34.5 ಇಂಚು, ನ್ಯಾರೋ ಗೇಜಿಗೆ 26 ಇಂಚು, 2 ಅಡಿಯ ಪುಟ್ಟ ಹಳಿಗೆ 17.5 ಇಂಚು ಎಂದು ನಿಂತಿತು. ಕೊಂಡಿಯೂ ಚಿಕ್ಕದಾಯಿತು. ಹಲವು ನ್ಯಾರೋ ಗೇಜ್ ಕಂಪನಿಗಳು ದೊಡ್ಡ ರೈಲಿನ ಕೊಂಡಿಯ ಸುಮಾರು ಮುಕ್ಕಾಲು ಗಾತ್ರದ್ದನ್ನು ಹಾಕಿಕೊಂಡವು. ಮಾಡೆಲ್ ರೈಲಿನ ಗೊಂದಲಕ್ಕೆ ಬೀಜ ಬಿದ್ದದ್ದು ಇಲ್ಲಿ.

ಮುಂದಿನ ಕಥೆ ಆರೆಗಾನ್‌ನ ಅವಳಿ ಅಣ್ಣತಮ್ಮಂದಿರಾದ ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಅವರದು. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿಸಿ 1946ರಲ್ಲಿ ಕೇಡಿ ಕಂಪನಿ ಕಟ್ಟಿದರು. ಆಗ ಮಾಡೆಲ್ ರೈಲಿನಲ್ಲಿ ಒಬ್ಬೊಬ್ಬ ತಯಾರಕರದು ಒಂದೊಂದು ಕೊಂಡಿ. ಒಂದು ಕಂಪನಿಯ ಬೋಗಿ ಇನ್ನೊಂದರ ಬೋಗಿಗೆ ಸೇರುತ್ತಿರಲಿಲ್ಲ. ಎಲ್ಲರಿಗೂ ಒಂದೇ ಇರಲಿ ಎಂದು 1950ರ ದಶಕದಲ್ಲಿ ಎಕ್ಸ್2ಎಫ್ ಅನ್ನುವ ಪ್ಲಾಸ್ಟಿಕ್ ಕೊಂಡಿ ಬಂತು. ಅಗ್ಗದ ಸೆಟ್‌ಗಳಲ್ಲೆಲ್ಲ ಅದೇ ತುಂಬಿಕೊಂಡಿತು, ಆದರೆ ನೋಡಲು ನಿಜವಾದ ಯಾವ ಕೊಂಡಿಯ ಹಾಗೂ ಇರಲಿಲ್ಲ. ಕೇಡಿಯದು ಜ್ಯಾನಿಯ ಕೊಂಡಿಯಂತೆಯೇ ಕಾಣುತ್ತಿತ್ತು. 1960ರ ದಶಕದ ಹೊತ್ತಿಗೆ ಅಯಸ್ಕಾಂತದಿಂದ ಬಿಚ್ಚಿಕೊಳ್ಳುವುದನ್ನೂ ಕಲಿತಿತ್ತು. ಕೊಂಡಿಯ ಕೆಳಗೆ ಬಾಗಿದ ತಂತಿಯೊಂದು ಇಳಿಬಿದ್ದಿರುತ್ತದೆ. ಹಳಿಯ ನಡುವೆ ಇಟ್ಟ ಅಯಸ್ಕಾಂತ ಆ ತಂತಿಯನ್ನು ಪಕ್ಕಕ್ಕೆ ಎಳೆಯುತ್ತದೆ, ಬೆರಳು ಬಿಚ್ಚಿಕೊಳ್ಳುತ್ತದೆ.

ಈ ತಂತಿಯಿಂದಲೇ ಎತ್ತರದ ಲೆಕ್ಕ ಬಿಗಿಯಾಯಿತು. ಕೊಂಡಿ ತುಸು ಕೆಳಗಿದ್ದರೆ ತಂತಿ ಹಳಿ ಕವಲೊಡೆಯುವ ಕಡೆ ಸಿಕ್ಕಿಕೊಂಡು ಬೋಗಿಯನ್ನೇ ಮಗುಚುತ್ತದೆ. ಮೇಲಿದ್ದರೆ ಅಯಸ್ಕಾಂತದ ಸೆಳೆತ ಸಾಲದು. ಎಚ್‌ಓದಲ್ಲಿ ಕೊಂಡಿಯ ನಡುಭಾಗ ಹಳಿಯಿಂದ ಸುಮಾರು 10 ಮಿ.ಮೀ. ಮೇಲೆ ನಿಲ್ಲಬೇಕು. 34.5 ಇಂಚನ್ನು 87ರಿಂದ ಭಾಗಿಸಿದರೆ ಬರುವುದೂ ಅಷ್ಟೇ. ಅದೇ ಅಳತೆಯಲ್ಲಿ 3 ಅಡಿಯ ಹಳಿಯ ರೈಲು ಕಟ್ಟಿದರೆ ಅದು ಎಚ್‌ಓಎನ್3. ಅಲ್ಲಿ 26 ಇಂಚು 7.6 ಮಿ.ಮೀ.ಗೆ ಇಳಿಯುತ್ತದೆ. ವ್ಯತ್ಯಾಸ ಎರಡೂವರೆ ಮಿ.ಮೀ., ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಕೊಂಡಿಯ ತಲೆಯೇ ಕೆಲವು ಮಿ.ಮೀ. ಇರುವಾಗ ಎರಡೂವರೆ ಅಂದರೆ ಒಂದಕ್ಕೊಂದು ಸರಿಯಾಗಿ ಸಿಗುವುದೇ ಇಲ್ಲ. ಅದಕ್ಕೇ ಎಚ್‌ಓಎನ್3ಗೆ ತಲೆಯೂ ಚಿಕ್ಕದಾದ, ಕೆಳಗೆ ಕೂರುವ ಕೊಂಡಿ ಬೇರೆಯಾಗಿಯೇ ಬೇಕಾಯಿತು.

1990ರಲ್ಲಿ ಎಡ್ವರ್ಡ್ಸ್ ಸೋದರರು ವ್ಯಾಪಾರ ಹಂಚಿಕೊಂಡರು. ಎಚ್‌ಓ ಕೇಡಿಯಲ್ಲಿ ಉಳಿಯಿತು, ಅದಕ್ಕಿಂತ ಚಿಕ್ಕ ಎನ್ ಅಳತೆಯ ಕೊಂಡಿ ಮೈಕ್ರೋ-ಟ್ರೈನ್ಸ್‌ಗೆ ಹೋಯಿತು. ಹಳೆಯ ಪೇಟೆಂಟ್ ಮುಗಿದದ್ದರಿಂದ ಅದೇ ದಶಕದಲ್ಲಿ ಬೇರೆ ಕಂಪನಿಗಳೂ ಕೇಡಿಗೆ ಸೇರುವಂಥ ಕೊಂಡಿ ತಂದವು. ಆಮೇಲೆ 1998ರಲ್ಲಿ ಬ್ಯಾಕ್‌ಮನ್‌ನ ಓಎನ್30 ಬಂತು. ಯೋಚನೆ ಸರಳ. ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಅದನ್ನು 48ರಿಂದ ಗುಣಿಸಿದರೆ 792 ಮಿ.ಮೀ., ಅಂದರೆ 30 ಇಂಚಿನ ನ್ಯಾರೋ ಗೇಜಿಗೆ ತೀರಾ ಹತ್ತಿರ. ಹೀಗಾಗಿ ಎಚ್‌ಓ ಹಳಿ, ಎಚ್‌ಓ ಕೊಂಡಿ, ಮೇಲೆ ದೊಡ್ಡ ಅಳತೆಯ ವ್ಯಾಗನ್. ಕಡಿಮೆ ಬೆಲೆಗೆ ಸಿಗುವ ಈ ರೈಲಿನಿಂದ ಎಷ್ಟೋ ಜನ ಮೊದಲ ಸಲ ನ್ಯಾರೋ ಗೇಜಿಗೆ ಬಂದರು. ಇದು ದೊಡ್ಡ ಉಪಕಾರ ಎಂದೇ ನಾನು ನಂಬಿದ್ದೇನೆ.

ಗಾತ್ರದ ಲೆಕ್ಕ ಇಲ್ಲಿ ಹೆಚ್ಚು ಕೆಡಲಿಲ್ಲ. ಕರಾರುವಾಕ್ಕಾದ ಎಚ್‌ಓ ಕೊಂಡಿ 48ನೇ ಪಾಲಿನ ವ್ಯಾಗನ್‌ಗೆ ಪೂರ್ತಿ ಗಾತ್ರದ ಶೇ. 55ರಷ್ಟಾಗುತ್ತದೆ. ಎಲ್ಲರೂ ಬಳಸುವ ಕೇಡಿಯ 5ನೇ ನಂಬರಿನ ತಲೆ ನಿಜಕ್ಕಿಂತ ತುಸು ದಪ್ಪ. ಹಾಗಾಗಿ ನಿಜವಾದ ಮುಕ್ಕಾಲು ಗಾತ್ರದ ಕೊಂಡಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಕೆಟ್ಟದ್ದು ಎತ್ತರ. ಕೊಂಡಿ ಎಚ್‌ಓ ಎತ್ತರದಲ್ಲೇ ಉಳಿಯಿತು. 10 ಮಿ.ಮೀ. ಅನ್ನು 48ರಿಂದ ಗುಣಿಸಿ ನೋಡಿ, ಸುಮಾರು 19 ಇಂಚು. ಕೊಲರಾಡೋದ 3 ಅಡಿಯ ರೈಲಿನ ಹಾಗೆ ಕಾಣುವ ವ್ಯಾಗನ್‌ಗೆ ಮೇಯ್ನ್ ರಾಜ್ಯದ 2 ಅಡಿಯ ರೈಲಿನ ಎತ್ತರ! ಸರಿಮಾಡಹೊರಟರೆ ಕೊಂಡಿಯನ್ನು ಮೇಲಕ್ಕೆ ಏರಿಸಬೇಕು. ಆಗ ಗೆಳೆಯರ ವ್ಯಾಗನ್ನು ನಿಮ್ಮದಕ್ಕೆ ಸೇರುವುದಿಲ್ಲ. ಹೆಚ್ಚಿನವರು ಹಾಗೇ ಬಿಟ್ಟರು. ನಾನೂ ಬಿಡುತ್ತೇನೆ. ಒಟ್ಟಿಗೆ ಓಡದ ರೈಲು ಎಷ್ಟು ಕರಾರುವಾಕ್ಕಾಗಿದ್ದರೇನು?

ಬೇರೆ ಕಡೆಯೂ ಕೊಂಡಿಯನ್ನು ಪಕ್ಕದ ಮನೆಯಿಂದ ಸಾಲ ತರುವುದೇ ದಾರಿ. ನಮ್ಮ ಬಂಗಾರಪೇಟೆ–ಕೋಲಾರ ದಾರಿಯ ಹಳೆಯ 762 ಮಿ.ಮೀ. ಹಳಿಯನ್ನು 87ರಿಂದ ಭಾಗಿಸಿದರೆ 8.76 ಮಿ.ಮೀ. ಬರುತ್ತದೆ. ಅದಕ್ಕೆ 9 ಮಿ.ಮೀ.ನ ಎನ್ ಹಳಿ ಸಾಕು. ಎನ್ ರೈಲಿನ ಚಕ್ರ, ಇಂಜಿನ್ ತಂದರೆ ಅದರ ಕೊಂಡಿಯೂ ಜೊತೆಗೇ ಬರುತ್ತದೆ. ಜರ್ಮನಿಯ ಎಲ್‌ಜಿಬಿ ಕಂಪನಿ ಮಾತ್ರ 1968ರಲ್ಲಿ ತನ್ನದೇ ದಪ್ಪ ಕೊಕ್ಕೆ ಮತ್ತು ಬಳೆ ತಂತು. 600 ಮಿ.ಮೀ. ತ್ರಿಜ್ಯದ ಬಿಗಿ ತಿರುವಿನಲ್ಲೂ ಕಳಚದಿರುವುದು ಅದರ ಗುಣ.

ಬೇರೆ ಬೇರೆ ಕೊಂಡಿಯ ವ್ಯಾಗನ್‌ಗಳನ್ನು ಒಟ್ಟಿಗೆ ಓಡಿಸಲೇಬೇಕು ಅನ್ನುವವರು ಒಂದು ಉಪಾಯ ಮಾಡುತ್ತಾರೆ. ಒಂದು ವ್ಯಾಗನ್‌ಗೆ ಒಂದು ತುದಿಯಲ್ಲಿ ಒಂದು ಥರದ ಕೊಂಡಿ, ಇನ್ನೊಂದು ತುದಿಯಲ್ಲಿ ಇನ್ನೊಂದು ಥರದ್ದು. ಇದು ಕೊಲರಾಡೋದ ಡೆನ್ವರ್ ಅಂಡ್ ರಿಯೋ ಗ್ರಾಂಡೆ ರೈಲ್ವೆ ಮಾಡಿದ ಕೆಲಸವೇ. ಅಲಮೋಸಾದಿಂದ ಆಂಟನಿಟೋವರೆಗೆ ಮೂರು ಹಳಿಗಳಿದ್ದವು, ಎರಡೂ ಗೇಜಿನವು ಅಲ್ಲೇ ಓಡುತ್ತಿದ್ದವು. ಒಂದು ಹಳಿ ಇಬ್ಬರಿಗೂ ಸೇರಿದ್ದು. ಹಾಗಾಗಿ ಚಿಕ್ಕ ಬೋಗಿಯ ನಡುಗೆರೆ ದೊಡ್ಡದರ ನಡುಗೆರೆಯಿಂದ ಸುಮಾರು 26 ಸೆಂ.ಮೀ. ಪಕ್ಕಕ್ಕೆ ಇರುತ್ತಿತ್ತು. ಎತ್ತರ ಬೇರೆ, ಗಾತ್ರ ಬೇರೆ, ಸಾಲೂ ಬೇರೆ. ಅದಕ್ಕೆ ಅವರು ನಡುವೆ ಐಡ್ಲರ್ ಅನ್ನುವ ಗಾಡಿ ಹಾಕುತ್ತಿದ್ದರು. ಸರಕು ಹೊರುವ ಕೆಲಸ ಅದಕ್ಕಿರಲಿಲ್ಲ. ಅದರ ತುದಿಯಲ್ಲಿ ದೊಡ್ಡ ರೈಲಿಗೊಂದು ಕೊಂಡಿ, ಅದರ ಪಕ್ಕದಲ್ಲೇ, ತುಸು ಕೆಳಗೆ, ಚಿಕ್ಕ ರೈಲಿಗೊಂದು ಕೊಂಡಿ.