ವೈಫೈ ಬೇರೆ, ಇಂಟರ್ನೆಟ್ ಬೇರೆ: ಕರಾವಳಿ ಮನೆಗಳ ನೆಟ್‌ವರ್ಕ್ ದೋಷ ಹುಡುಕುವ ಟಿಪ್ಪಣಿ

“ನೆಟ್ ಇಲ್ಲ ಮಾರಾಯ್ರೆ.” ಮನೆಯವರು ಹೇಳುವುದು ಇಷ್ಟೇ. ಕಲಿಯುವವರು ಮೊದಲು ಈ ಮಾತನ್ನು ಬಿಡಿಸಿ ನೋಡಬೇಕು, ಏಕೆಂದರೆ ಇದರೊಳಗೆ ಕನಿಷ್ಠ ನಾಲ್ಕು ಬೇರೆ ದೋಷಗಳಿಗೆ ಜಾಗ ಉಂಟು. ಫೋನಿನಿಂದ ರೂಟರ್‌ವರೆಗಿನ ರೇಡಿಯೋ ಕೊಂಡಿ ಕೆಟ್ಟಿರಬಹುದು. ಕೊಂಡಿ ಸರಿಯಿದ್ದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರದ ಗುರುತಿನ ಸಂಖ್ಯೆ) ಸಿಗದೆ ಇರಬಹುದು. ರೂಟರ್‌ನಿಂದ ಹೊರಗೆ ಹೋಗುವ ಫೈಬರ್ ಸತ್ತಿರಬಹುದು. ಇವು ಮೂರೂ ಸರಿಯಿದ್ದು ಡಿಎನ್ಎಸ್ (ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಮಾತ್ರ ಕೈಕೊಟ್ಟಿರಬಹುದು. ಯಾವುದೆಂದು ಗೊತ್ತುಮಾಡಿಕೊಳ್ಳದೆ ರೂಟರ್ ಬದಲಿಸಿದರೆ ಎರಡು ಮೂರು ಸಾವಿರ ರೂಪಾಯಿ ಹೋಗುತ್ತದೆ, ತೊಂದರೆ ಅಲ್ಲೇ ಇರುತ್ತದೆ.

ಮೊದಲ ಐದು ನಿಮಿಷ

ಫೋನಿನಲ್ಲಿ ಪರೀಕ್ಷಿಸುವುದಾದರೆ ಮೊದಲು ಮೊಬೈಲ್ ಡೇಟಾ ಆಫ್ ಮಾಡಿ. ವೈಫೈ ದುರ್ಬಲವಾದ ಕೂಡಲೇ ಫೋನು ಸದ್ದಿಲ್ಲದೆ ಡೇಟಾಕ್ಕೆ ಜಾರುತ್ತದೆ, ಆಗ ನೀವು ನೋಡುತ್ತಿರುವುದು ಮನೆಯ ನೆಟ್‌ವರ್ಕನ್ನೇ ಅಲ್ಲ. ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಕೊಟ್ಟು ಎರಡು ಸಾಲು ಓದಿ: ನಿಮ್ಮ ಐಪಿ ವಿಳಾಸ, ಮತ್ತು ಡಿಫಾಲ್ಟ್ ಗೇಟ್‌ವೇ. ಗೇಟ್‌ವೇ ಎಂದರೆ ರೂಟರ್, ಹೆಚ್ಚಿನ ಮನೆಗಳಲ್ಲಿ 192.168.1.1 ಅಥವಾ 192.168.0.1.

ನಿಮ್ಮ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ನಿಮಗೆ ವಿಳಾಸ ಕೊಟ್ಟಿಲ್ಲ, ಯಂತ್ರ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಇಲ್ಲಿ ಫೈಬರನ್ನು ಬೈದು ಪ್ರಯೋಜನವಿಲ್ಲ, ನೋಡಬೇಕಾದ್ದು ರೂಟರಿನ ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ). ವಿಳಾಸ ಸರಿಯಿದ್ದರೆ ಗೇಟ್‌ವೇಗೆ ಪಿಂಗ್ (ಚಿಕ್ಕ ಸಂದೇಶ ಕಳಿಸಿ ಉತ್ತರ ಬರುವ ಹೊತ್ತು ಅಳೆಯುವ ಆದೇಶ) ಕೊಡಿ, ನಾಲ್ಕು ಸಲ ಸಾಲದು, 50 ಸಲವಾದರೂ ಓಡಲಿ. ಆರೋಗ್ಯವಾಗಿರುವ ವೈಫೈಯಲ್ಲಿ ಉತ್ತರ 1ರಿಂದ 10 ಮಿಲಿಸೆಕೆಂಡಿನೊಳಗೆ ಬರುತ್ತದೆ, ಅಪರೂಪಕ್ಕೆ ಒಂದು ಏರಿದರೆ ಚಿಂತೆಯಿಲ್ಲ. 5, 180, 12, 400, ಮತ್ತೆ ಟೈಮ್ಡ್ ಔಟ್ ಎಂದು ಕುಣಿಯುತ್ತಿದ್ದರೆ ದೋಷ ನಿಮ್ಮ ಮನೆಯ ಗಾಳಿಯಲ್ಲೇ ಇದೆ, ಕೇಬಲಿನವರಿಗೆ ಫೋನ್ ಮಾಡಬೇಡಿ.

ರೂಟರ್‌ವರೆಗೆ ಚೊಕ್ಕವಾಗಿದ್ದರೆ ಗೂಗಲ್‌ನ ಡಿಎನ್ಎಸ್ ಸರ್ವರ್ 8.8.8.8ಕ್ಕೆ ಪಿಂಗ್ ಕೊಡಿ. ಅದು ಬಾರದಿದ್ದರೆ ತೊಂದರೆ ರೂಟರಿನಿಂದಾಚೆ. ಅದೂ ಬಂದು, ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್ಎಸ್. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ (ಬ್ರೌಸರಿನಲ್ಲಿ ಗೇಟ್‌ವೇ ವಿಳಾಸ ಕೊಟ್ಟರೆ ತೆರೆಯುವ ಸೆಟ್ಟಿಂಗಿನೊಳಗೆ) ಡಿಎನ್ಎಸ್ ಜಾಗಕ್ಕೆ 8.8.8.8 ಮತ್ತು 1.1.1.1 ಹಾಕಿ, ಫೋನಿನ ವೈಫೈಯನ್ನು ಒಮ್ಮೆ ಆಫ್ ಆನ್ ಮಾಡಿದರೆ ಆಯಿತು.

ಒಂದು ಎಚ್ಚರಿಕೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿದರೆ ಕಂಪನಿಯವರು ತುಂಬಿಸಿದ ಪಿಪಿಪಿಒಇ (ಕಂಪನಿಯ ನೆಟ್‌ವರ್ಕಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ (ಕಂಪನಿಯ ದಾರಿ ಗುರುತಿಸುವ) ಸಂಖ್ಯೆ ಎಲ್ಲ ಅಳಿಸಿಹೋಗಬಹುದು. ಅವು ಬರೆದಿಟ್ಟಿರದಿದ್ದರೆ, ಅರ್ಧ ಕೆಟ್ಟಿದ್ದ ಸಂಪರ್ಕ ಪೂರ್ತಿ ಹೋದ ಹಾಗೆ.

ಮುರಕಲ್ಲಿನ ಗೋಡೆಯ ಲೆಕ್ಕ

ವೈಫೈ ಬಗ್ಗೆ ಬರುವ ಸಲಹೆಗಳು ಹೆಚ್ಚಾಗಿ ಜಿಪ್ಸಮ್ ಬೋರ್ಡಿನ ತೆಳು ಗೋಡೆಯ ಮನೆಗಳಿಗೆ ಬರೆದವು. ಕಾರ್ಕಳ, ಬಂಟ್ವಾಳದ ಕಡೆಯ ಹಳೆ ಮನೆಯಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ ಒಂದಡಿಗೂ ಹೆಚ್ಚು ದಪ್ಪ ಇರುತ್ತದೆ. ಮುರಕಲ್ಲಿನಲ್ಲಿ ತೂತು ಬಹಳ, ಮಳೆಗಾಲದಲ್ಲಿ ಗಾರೆ ಮಾಡದ ಹೊರಗೋಡೆ ನೀರು ಕುಡಿಯುತ್ತದೆ. ನೀರು ರೇಡಿಯೋ ಅಲೆಯನ್ನು ಹೀರುತ್ತದೆ. ಬೇಸಗೆಯಲ್ಲಿ ಅಂಚಿನಲ್ಲಿ ಓಡುತ್ತಿದ್ದ ಕೋಣೆ ಜುಲೈಯಲ್ಲಿ ಕೈಬಿಡುವುದಕ್ಕೆ ಇದೂ ಒಂದು ಕಾರಣ.

ಸಿಗ್ನಲನ್ನು ಗೆರೆಗಳಲ್ಲಿ ಓದಬೇಡಿ, ಡಿಬಿಎಂನಲ್ಲಿ ಓದಿ (ಸಿಗ್ನಲಿನ ಶಕ್ತಿಯ ಮಾನ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ವೈಫೈ ಅನಲೈಸರ್ ಬಗೆಯ ಯಾವ ಆ್ಯಪ್ ಆದರೂ ಇದನ್ನು ತೋರಿಸುತ್ತದೆ. ವಿಂಡೋಸ್ ಶೇಕಡಾದಲ್ಲಿ ಕೊಟ್ಟರೆ ಅದನ್ನು ಅರ್ಧ ಮಾಡಿ 100 ಕಳೆಯಿರಿ: ಶೇ 66 ಎಂದರೆ ಸುಮಾರು ಮೈನಸ್ 67. ರೂಟರಿನ ಪಕ್ಕದಲ್ಲಿ ಮೈನಸ್ 30ರ ಆಸುಪಾಸು. ಮೈನಸ್ 60ರವರೆಗೆ ಯಾವ ದೂರೂ ಇರಬಾರದು. ವಿಡಿಯೋ ಕಾಲ್‌ಗೆ ಮೈನಸ್ 67 ಕೆಳಗಿನ ಮಿತಿ. ಮೈನಸ್ 75 ದಾಟಿದರೆ ಕೊಂಡಿ ಇದ್ದೂ ಇಲ್ಲದಂತೆ. ಇದು ಲಾಗರಿದಮ್ ಮಾಪಕ ಎಂಬುದು ನೆನಪಿರಲಿ: ಮೈನಸ್ 60 ಮತ್ತು 70ರ ನಡುವೆ ಇರುವುದು ಹತ್ತು ಪಾಲಿನ ವ್ಯತ್ಯಾಸ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ರೂಟರ್ ಚಾವಡಿಯಲ್ಲಿದೆ (ಮನೆಯ ಮುಂದಿನ ಹಜಾರ), ಓದುವ ಕೋಣೆ 8 ಮೀಟರ್ ದೂರ, ನಡುವೆ ಎರಡು ಗೋಡೆ. ರೂಟರ್ 20 ಡಿಬಿಎಂ ಬಿಡುತ್ತದೆ. ವೈಫೈಯ ಒಂದು ಬ್ಯಾಂಡ್ (ಆವರ್ತನದ ಪಟ್ಟಿ) ಆದ 2.4 ಗಿಗಾಹರ್ಟ್ಸ್‌ನಲ್ಲಿ ಮೊದಲ ಒಂದು ಮೀಟರಿನಲ್ಲೇ 40 ಡಿಬಿ (ಡಿಬಿಎಂ ಲೆಕ್ಕದಿಂದ ಕಳೆಯುವ ನಷ್ಟ) ಹೋಗುತ್ತದೆ, ಆಮೇಲೆ ದೂರ ಇಮ್ಮಡಿಯಾದಾಗಲೆಲ್ಲ 6 ಡಿಬಿ. 8 ಮೀಟರಿಗೆ ಮೂರು ಸಲ ಇಮ್ಮಡಿ, ಅಂದರೆ 18. ಈಗ ಮೈನಸ್ 38ಕ್ಕೆ ಬಂದೆವು. ಫೋನು ಕೈಯಲ್ಲಿ ಹಿಡಿದದ್ದಕ್ಕೆ, ಅದರ ಪುಟ್ಟ ಆಂಟೆನಾಕ್ಕೆ ಇನ್ನೊಂದು 7 ಕಳೆಯಿರಿ, ಮೈನಸ್ 45. ಗೋಡೆಗೆ ತಲಾ 12 ಡಿಬಿ ಎಂದು ಹಿಡಿದರೆ ಮೈನಸ್ 69. ಹೇಗೋ ಓಡುತ್ತದೆ.

ಅದೇ ಜಾಗದಲ್ಲಿ 5 ಗಿಗಾಹರ್ಟ್ಸ್ ಹಿಡಿದರೆ? ಮೊದಲ ಮೀಟರಿನಲ್ಲಿ 40ರ ಬದಲು 47 ಹೋಗುತ್ತದೆ. ಗೋಡೆಯೂ ಹೆಚ್ಚು ತಡೆಯುತ್ತದೆ, ತಲಾ 18 ಎಂದುಕೊಳ್ಳಿ. ಉತ್ತರ ಮೈನಸ್ 88. ಹೊಸ ಡ್ಯುಯಲ್ ಬ್ಯಾಂಡ್ ರೂಟರ್ ತಂದ ಮೇಲೆ ಒಳಕೋಣೆಯಲ್ಲಿ ನೆಟ್ ಇನ್ನೂ ಹಾಳಾಯಿತು ಎನ್ನುವವರ ಕಥೆ ಇದೇ. ಎರಡೂ ಬ್ಯಾಂಡಿಗೆ ಒಂದೇ ಹೆಸರಿರುತ್ತದೆ, ಚಾವಡಿಯಲ್ಲಿ 5 ಗಿಗಾಹರ್ಟ್ಸ್ ಹಿಡಿದ ಫೋನು ಒಳಗೆ ಬಂದರೂ ಅದನ್ನು ಬಿಡದೆ ಜೋತುಬಿದ್ದಿರುತ್ತದೆ. ಎರಡಕ್ಕೂ ಬೇರೆ ಹೆಸರಿಟ್ಟರೆ ಯಾವುದು ಎಲ್ಲಿಯವರೆಗೆ ತಲಪುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಗೋಡೆಯ ಅಂಕಿಗಳು ನಾವು ಹಿಡಿದುಕೊಂಡವು. ನಿಮ್ಮ ಮನೆಯದ್ದು ಬೇಕಾದರೆ ಗೋಡೆಯ ಈಚೆ ಆಚೆ ನಿಂತು ಅಳೆದು ಕಳೆಯಿರಿ, ಅಷ್ಟೇ ಕೆಲಸ.

ಹಂಚಿನ ಮಾಡು, ಮರದ ಅಟ್ಟ ಸಿಗ್ನಲಿಗೆ ಅಷ್ಟೇನೂ ಅಡ್ಡಿ ಮಾಡುವುದಿಲ್ಲ. ಆರ್‌ಸಿಸಿ ಸ್ಲ್ಯಾಬಿನ ಒಳಗೆ ಕಬ್ಬಿಣದ ಜಾಲರಿ ಇರುವುದರಿಂದ ಉಪ್ಪರಿಗೆಗೆ ಹೋಗುವುದು ಕಷ್ಟ. ಅಲ್ಲಿ ಅಲೆ ಏರುವುದು ಹೆಚ್ಚಾಗಿ ಮೆಟ್ಟಿಲಿನ ತೆರವಿನ ಮೂಲಕ, ಹಾಗಾಗಿ ರೂಟರನ್ನು ಮೆಟ್ಟಿಲ ಬುಡಕ್ಕೆ ತಂದರೆ ಲಾಭ. ಸ್ಟೀಲ್ ಕಪಾಟು, ಆಳೆತ್ತರದ ಕನ್ನಡಿ, ಫ್ರಿಜ್ಜು ಇವುಗಳ ಹಿಂದೆ ರೂಟರ್ ಇಡಬೇಡಿ. ಟಿವಿಯ ಹಿಂದೆ ಇಡುವುದಂತೂ ನಮ್ಮಲ್ಲಿ ಶಾಸ್ತ್ರವೇ ಆಗಿಬಿಟ್ಟಿದೆ. ಕಡ್ಡಿ ಆಂಟೆನಾ ಸುತ್ತಲೂ ತಟ್ಟೆಯಂತೆ ಹರಡುತ್ತದೆ, ತುದಿಯ ದಿಕ್ಕಿಗೆ ಕಡಿಮೆ. ರೂಟರಿನ ನೇರ ಮೇಲಿನ ಕೋಣೆ ಬೇಕಾದರೆ ಒಂದು ಆಂಟೆನಾವನ್ನು ಅಡ್ಡ ಮಲಗಿಸಿ.

ಹೆಚ್ಚು ಪವರಿನ ರೂಟರ್ ತಂದರೆ ಆಯಿತಲ್ಲ ಎಂದು ಕೇಳುವವರುಂಟು. ಯಕ್ಷಗಾನದಲ್ಲಿ ಭಾಗವತರ ಪದ ಮೈಕಿನಲ್ಲಿ ಗದ್ದೆಯ ಕೊನೆಯವರೆಗೆ ಕೇಳುತ್ತದೆ, ಕೊನೆಯಲ್ಲಿ ಕುಳಿತವ ಏನು ಹೇಳಿದ ಎಂದು ಭಾಗವತರಿಗೆ ಕೇಳುವುದಿಲ್ಲ. ಫೋನಿನ ಪ್ರಸಾರ ಶಕ್ತಿ ರೂಟರಿಗಿಂತ ಕಡಿಮೆ. ಗೆರೆ ಪೂರ್ತಿ ಕಾಣುತ್ತದೆ, ಪುಟ ತೆರೆಯುವುದಿಲ್ಲ.

ಎರಡನೇ ರೂಟರನ್ನು ಸರಿಯಾಗಿ ಕಟ್ಟುವುದು

ದಪ್ಪ ಗೋಡೆಗೆ ನಿಜವಾದ ಮದ್ದು ವಯರ್. ರಿಪೀಟರ್ ಅಗ್ಗ, ಆದರೆ ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವ ರಿಪೀಟರ್ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಜನ ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಇಡುತ್ತಾರೆ ಬೇರೆ, ಕೇಳದ್ದನ್ನು ಅದು ಹೇಗೆ ಹೇಳೀತು? ಇಡಲೇಬೇಕೆಂದರೆ ಮೈನಸ್ 60ರ ಆಸುಪಾಸು ಸಿಗುವ ನಡುದಾರಿಯಲ್ಲಿ ಇಡಿ.

ಮನೆಯಲ್ಲಿ ಬಿದ್ದಿರುವ ಹಳೆ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ (ವಯರಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ಮಾಡಬಹುದು. ಅದನ್ನು ಬೇರೆಯಾಗಿ ಲ್ಯಾಪ್‌ಟಾಪಿಗೆ ಕಟ್ಟಿ, ಅದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಐಪಿಯನ್ನು 192.168.1.2 ಮಾಡಿ (ಮುಖ್ಯ ರೂಟರ್ 192.168.1.1 ಇದ್ದರೆ). ಆಮೇಲೆ ಅದರ ಡಿಎಚ್‌ಸಿಪಿ ಆಫ್ ಮಾಡಿ. ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮುಖ್ಯ ರೂಟರಿನದ್ದೇ ಇರಲಿ, ಚಾನೆಲ್ (ಬ್ಯಾಂಡಿನೊಳಗಿನ ಪಾಲು) ಮಾತ್ರ ಬೇರೆ. ಕೊನೆಗೆ ಮುಖ್ಯ ರೂಟರಿನ ಲ್ಯಾನ್ ಪೋರ್ಟಿನಿಂದ ಇದರ ಲ್ಯಾನ್ ಪೋರ್ಟಿಗೆ ಕೇಬಲ್ ಚುಚ್ಚಿ. ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟಿಗೆ ಚುಚ್ಚಿದರೆ ಒಂದು ನೆಟ್‌ವರ್ಕಿನೊಳಗೆ ಇನ್ನೊಂದು ನೆಟ್‌ವರ್ಕ್ ಹುಟ್ಟುತ್ತದೆ: ಇಂಟರ್ನೆಟ್ ಓಡುತ್ತದೆ, ಆದರೆ ಚಾವಡಿಯ ಪ್ರಿಂಟರು ಒಳಕೋಣೆಗೆ ಕಾಣುವುದಿಲ್ಲ. ಡಿಎಚ್‌ಸಿಪಿ ಆಫ್ ಮಾಡಲು ಮರೆತರಂತೂ ಇಬ್ಬರು ಯಜಮಾನರ ಮನೆ. ಕೆಲವು ಫೋನಿಗೆ 192.168.1.2 ಗೇಟ್‌ವೇ ಎಂದು ಸಿಕ್ಕಿ ನೆಟ್ ಇಲ್ಲ, ಕೆಲವಕ್ಕೆ ಸರಿಯಾದದ್ದು ಸಿಕ್ಕಿ ಉಂಟು. ಯಾರ ಫೋನು ಯಾವಾಗ ಕೆಡುತ್ತದೆ ಎಂದು ಹೇಳಲಾಗದ ಈ ದೋಷವನ್ನು ಹುಡುಕಲು ಒಂದು ದಿನ ಬೇಕಾಗಬಹುದು.

ಕೇಬಲ್ ಕ್ಯಾಟ್ 6 ತನ್ನಿ, ಉದ್ದ 100 ಮೀಟರ್ ಮೀರಬಾರದು. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೇಡ. ಮಲ್ಪೆ, ಸುರತ್ಕಲ್ಲಿನಂಥ ಕಡಲ ಬದಿಯ ಉಪ್ಪುಗಾಳಿಗೆ ಅದರ ತುದಿ ಬೇಗ ಕರಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಅಂಗಡಿಗೆ ವಾಪಸ್ ಕೊಡಿ.

ನೆರೆಕರೆಯ ಗದ್ದಲ

ಮಣಿಪಾಲದ ಹಾಸ್ಟೆಲು, ಕದ್ರಿ, ಬಿಜೈಯ ಫ್ಲ್ಯಾಟುಗಳಲ್ಲಿ ಗೋಡೆಗಿಂತ ಪಕ್ಕದವರ ರೂಟರುಗಳೇ ತೊಂದರೆ. ಸಿಗ್ನಲ್ ಮೈನಸ್ 50, ಆದರೂ ರಾತ್ರಿ 8ರಿಂದ 11ರವರೆಗೆ ಪಿಂಗ್ ಕುಣಿಯುತ್ತದೆ ಎಂದರೆ ಇದೇ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11 ಮಾತ್ರ. ಅಗಲ 20 ಮೆಗಾಹರ್ಟ್ಸ್ ಇರಲಿ. 3 ಅಥವಾ 4 ಖಾಲಿ ಕಂಡಿತೆಂದು ಅಲ್ಲಿ ಹೋಗಿ ಕೂರಬೇಡಿ. ಒಂದೇ ಚಾನೆಲ್ಲಿನವರು ಸರದಿ ಕಾಯುತ್ತಾರೆ, ಪಕ್ಕದ ಚಾನೆಲ್ಲಿನಲ್ಲಿರುವವರು ಬರೀ ಗದ್ದಲವಾಗಿ ಕೇಳುತ್ತಾರೆ.

ಫ್ಲ್ಯಾಟಿನಲ್ಲಿ 5 ಗಿಗಾಹರ್ಟ್ಸ್ ಬಳಸುವುದೇ ಸರಿ, ಅಲ್ಲಿ ಗೋಡೆ ತಡೆಯುವುದು ನಮಗೆ ಲಾಭ. 36ರಿಂದ 48, ಅಥವಾ 149ರಿಂದ 161 ಆರಿಸಿ. ನಡುವಿನ 52ರಿಂದ 144ರ ಚಾನೆಲ್ಲುಗಳಲ್ಲಿ ರೂಟರ್ ರಾಡಾರಿಗೆ ಕಿವಿಗೊಡಬೇಕು. ಅಂಥದ್ದೇನಾದರೂ ಕೇಳಿದರೆ ಚಾನೆಲ್ ಬಿಟ್ಟು ಏಳುತ್ತದೆ, ಕಾರಣವೇ ಇಲ್ಲದೆ ಒಂದು ನಿಮಿಷ ವೈಫೈ ಮಾಯವಾದಂತೆ ಕಾಣುತ್ತದೆ.

ಅಡುಗೆಮನೆಯ ಮೈಕ್ರೋವೇವ್ ಓಡುವಾಗ ಮಾತ್ರ ಕೆಟ್ಟರೆ ಅದು 2.45 ಗಿಗಾಹರ್ಟ್ಸ್‌ನ ಸೋರಿಕೆ. ವೈಫೈ ಭದ್ರತೆಯ ಸೆಟ್ಟಿಂಗಿನಲ್ಲಿ ಟಿಕೆಐಪಿ (ಹಳೆಯ ಗೂಢಲಿಪಿ ವಿಧಾನ) ಇದ್ದರೆ ವೇಗ 54 ಎಂಬಿಪಿಎಸ್ ದಾಟುವುದಿಲ್ಲ, ಡಬ್ಲ್ಯೂಪಿಎ2 ಎಇಎಸ್ ಮಾಡಿ. ಡಬ್ಲ್ಯೂಪಿಎ3 ಒಂದನ್ನೇ ಇಟ್ಟರೆ ಹಳೆ ಪ್ರಿಂಟರು, ಸ್ಮಾರ್ಟ್ ಬಲ್ಬು ಸೇರುವುದಿಲ್ಲ. ನೇಮಕ್ಕೋ (ದೈವದ ಕೋಲ) ಮದುವೆಗೋ ಮುಂಬೈಯವರು, ದುಬೈಯವರು ಮನೆ ತುಂಬಿದಾಗ ಹೊಸ ಫೋನಿಗೆ ಐಪಿ ಸಿಗದಿದ್ದರೆ ಡಿಎಚ್‌ಸಿಪಿ ಪೂಲ್ (ಹಂಚಲು ಇಟ್ಟ ವಿಳಾಸಗಳ ಸಾಲು) ನೋಡಿ. ಅದನ್ನು 20, 30 ವಿಳಾಸಕ್ಕೆ ಕಟ್ಟಿಹಾಕಿದ್ದರೆ ಕೊನೆಯ ಅಂಕಿ 100ರಿಂದ 200ರವರೆಗೆ ಹಿಗ್ಗಿಸಿ.

ಮಳೆ, ಕರೆಂಟು, ಸಿಡಿಲು

ಫೈಬರ್ ಬಂದು ಸೇರುವ ಪೆಟ್ಟಿಗೆಯಲ್ಲಿ ಲಾಸ್ (LOS) ದೀಪ ಕೆಂಪಾಗಿ ಮಿನುಗಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ಹಸಿರು ತಲೆಯ ಕನೆಕ್ಟರ್ ಸರಿಯಾಗಿ ಕೂತಿದೆಯೇ, ವಯರು ಬಾಗಿಲ ಸಂದಿಯಲ್ಲಿ ಮಡಚಿದೆಯೇ ನೋಡಿ. ತುದಿಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ತಾಗುತ್ತದೆ. ನೀಲಿ ತಲೆಯ ಪ್ಯಾಚ್ ಕಾರ್ಡನ್ನು ಹಸಿರಿಗೆ ಸೇರಿಸಬಾರದು, ಎರಡರ ತುದಿ ಉಜ್ಜಿದ ಕೋನ ಬೇರೆ.

ಲಾಸ್ ದೀಪ ಆರಿದ್ದೂ ಮಳೆ ಬಂದಾಗ ಮಾತ್ರ ಕಡಿಯುತ್ತಿದ್ದರೆ ಪೆಟ್ಟಿಗೆಯ ಪುಟದಲ್ಲಿ ಆಪ್ಟಿಕಲ್ ಆರ್‌ಎಕ್ಸ್ ಪವರ್ (ಒಳಬರುವ ಬೆಳಕಿನ ಶಕ್ತಿ) ನೋಡಿ. ಜಿಪಾನ್ (ಒಂದು ಬಗೆಯ ಫೈಬರ್ ಸಂಪರ್ಕ) ಪೆಟ್ಟಿಗೆಗೆ ಮೈನಸ್ 8ರಿಂದ ಮೈನಸ್ 27ರೊಳಗೆ ಇರಬೇಕು. ಇದೂ ಡಿಬಿಎಂ, ಆದರೆ ವೈಫೈಯ ಡಿಬಿಎಂ ಜೊತೆ ಬೆರೆಸಬೇಡಿ. ವೈಫೈಯಲ್ಲಿ ಮೈನಸ್ 30 ಅತ್ಯುತ್ತಮ, ಇಲ್ಲಿ ಮೈನಸ್ 30 ಎಂದರೆ ಸಂಪರ್ಕ ಹೋದಂತೆ. ಒಣ ದಿನ ಮೈನಸ್ 20 ಇದ್ದದ್ದು ಮಳೆಗೆ ಮೈನಸ್ 27 ಆದರೆ ದಾರಿಯಲ್ಲಿ ಎಲ್ಲೋ ಜೋಡಣೆಗೆ ನೀರಿಳಿದಿದೆ, ಅಥವಾ ತೆಂಗಿನ ಮಡಲು ಬಿದ್ದು ವಯರು ಜಗ್ಗಿದೆ. ಈ ಎರಡು ಅಂಕಿಯನ್ನು ದಿನಾಂಕದೊಂದಿಗೆ ಬರೆದು ಕೇಬಲಿನವರಿಗೆ ಹೇಳಿ. “ನೆಟ್ ಸ್ಲೋ” ಎಂಬ ದೂರಿಗೆ ಬಾರದವರು ಈ ದೂರಿಗೆ ಏಣಿ ಹಿಡಿದು ಬರುತ್ತಾರೆ.

ಕರೆಂಟು ಹೋಗಿ ಇನ್ವರ್ಟರಿಗೆ ತಿರುಗುವ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆದರೆ ಎರಡು ಮೂರು ನಿಮಿಷ ಹೋಯಿತು. 12 ವೋಲ್ಟಿನ ಮಿನಿ ಯುಪಿಎಸ್ ಇದಕ್ಕೆ ಸಾಕು. ಅಡಾಪ್ಟರಿನ ಮೇಲೆ 12 ವೋಲ್ಟ್ 1.5 ಆಂಪಿಯರ್ ಎಂದಿದ್ದರೆ ಯುಪಿಎಸ್ ಅಷ್ಟಾದರೂ ಕೊಡಬೇಕು, ಪಿನ್ನಿನ ಪ್ಲಸ್ ಮೈನಸ್ ಹೊಂದಬೇಕು. ಕರೆಂಟು ಇದ್ದೂ ತಾನಾಗಿ ರೀಸ್ಟಾರ್ಟ್ ಆಗುವ ರೂಟರಿನಲ್ಲಿ ಮೊದಲ ಸಂಶಯ ಅಡಾಪ್ಟರಿನ ಮೇಲಿರಲಿ. ಒಳಗಿನ ಕೆಪಾಸಿಟರ್ ಬಡವಾದರೂ ಖಾಲಿ ಇರುವಾಗ ಮೀಟರು 12 ವೋಲ್ಟನ್ನೇ ತೋರಿಸುತ್ತದೆ, ಹೊರೆ ಬಿದ್ದಾಗ ಕುಸಿಯುತ್ತದೆ. ಅಳೆಯುವುದಕ್ಕಿಂತ ಬೇರೊಂದು ಅಡಾಪ್ಟರ್ ಹಾಕಿ ನೋಡುವುದೇ ಚುರುಕು. ಪೆಟ್ಟಿಗೆ ಬಿಚ್ಚಿದರೆ ಇರುವೆಗೂಡು ಸಿಕ್ಕರೂ ಆಶ್ಚರ್ಯಪಡಬೇಡಿ, ಬೆಚ್ಚಗಿನ ಜಾಗ ಅವಕ್ಕೂ ಇಷ್ಟ.

ಸಿಡಿಲಿಗೆ ಪ್ಲಗ್ ಕಿತ್ತರೆ ಮುಗಿಯಲಿಲ್ಲ. ರೂಟರಿನಿಂದ ಟಿವಿಗೆ, ಕಂಪ್ಯೂಟರಿಗೆ ಹೋದ ಲ್ಯಾನ್ ಕೇಬಲೂ ತಾಮ್ರವೇ, ಅದನ್ನೂ ಕಳಚಬೇಕು. ಫೈಬರ್ ಗಾಜು, ಆದರೆ ಕಂಬದಿಂದ ಬರುವ ಡ್ರಾಪ್ ಕೇಬಲಿನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುವುದುಂಟು. ಅದನ್ನು ಗೋಡೆಯ ಹೊರಗೇ ಕಡಿದು ನಿಲ್ಲಿಸಬೇಕು, ಒಳಗೆ ತರಬಾರದು. ಮನೆಯಿಂದ ತೋಟದ ಪಂಪ್‌ಶೆಡ್ಡಿಗೋ ಹಟ್ಟಿಯ (ದನದ ಕೊಟ್ಟಿಗೆಯ) ಸಿಸಿ ಕ್ಯಾಮೆರಾಕ್ಕೋ ಕ್ಯಾಟ್ 6 ಕೇಬಲನ್ನು ಕಂಗಿನಿಂದ ಕಂಗಿಗೆ (ಅಡಿಕೆ ಮರದಿಂದ ಮರಕ್ಕೆ) ನೇತುಹಾಕಿ ಎಳೆಯಬೇಡಿ. ಉಕ್ಕಿಲ್ಲದ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲಿಗೆ ತಿರುಗಿಸುವ ಪೆಟ್ಟಿಗೆ) ಹಾಕಿ.